“ನೀನು ಹೆಣ್ಣುಮಗಳು, ನಿನ್ನದು ದೊಡ್ಡ ಮನಸ್ಸು” ಅಂತಾರೆ. ಹೆಂಗಸರು ನಿಜಕ್ಕೂ ಜಾಸ್ತಿ ಕೊಡುವವರಾ?

ಅಘನಾಶಿನಿ ತೀರ:

ಎಲ್ಲರಿಗೂ ನಮಸ್ಕಾರ. ಇದು ನನ್ನ ಮನೆಯ ವಿಷಯ. ಬರೀ ನನ್ನ ಮನೆಯದಲ್ಲ ಅನಿಸಿದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಕುಮಟಾ ತಾಲೂಕಿನಲ್ಲಿ, ಹೊಳೆದಂಡೆಯ ಊರು. ಮದುವೆಯಾಗಿ ಹೊನ್ನಾವರಕ್ಕೆ ಬಂದು 18 ವರ್ಷ. ಅಪ್ಪ ಹೋಗಿ ಎರಡು ವರ್ಷ ಆಯಿತು. ಆಯಿ, ಅಂದರೆ ಅಮ್ಮ, ಇದ್ದಾಳೆ. ಮಕ್ಕಳು ನಾವು ಮೂವರು. ಅಣ್ಣ, ನಾನು, ತಂಗಿ. ಅಪ್ಪ ದುಡಿದು ತೆಗೆದುಕೊಂಡ ತೆಂಗಿನ ತೋಟ ಇದೆ. ಅದರ ಕೆಳಗೆ ಅಜ್ಜನ ಕಾಲದ ಒಂದಿಷ್ಟು ಗದ್ದೆ. ಮತ್ತೆ ಹಳೇ ಹಂಚಿನ ಮನೆ. ಅಪ್ಪ ಉಯಿಲು ಬರೆದಿರಲಿಲ್ಲ.

ಹೋದ ತಿಂಗಳು ಅಣ್ಣ ಫೋನ್ ಮಾಡಿ, “ಇಬ್ಬರೂ ಒಂದು ದಿನ ಬನ್ನಿ, ಒಂದು ಸಹಿ ಹಾಕುವುದಿದೆ” ಅಂದ. ಹಕ್ಕು ಬಿಡುಗಡೆ ಪತ್ರ, ಅಂದರೆ ಆಸ್ತಿಯಲ್ಲಿ ನಮ್ಮ ಪಾಲು ಬಿಟ್ಟುಕೊಟ್ಟೆವು ಅಂತ ಬರೆದುಕೊಡುವುದು. ಅಣ್ಣ ಕೆಟ್ಟವನಲ್ಲ. ಅಪ್ಪ ಹಾಸಿಗೆ ಹಿಡಿದಾಗ ರಾತ್ರಿಯೆಲ್ಲ ಎದ್ದು ಕೂತವನು ಅವನೇ. ನಾನು “ಸ್ವಲ್ಪ ಯೋಚನೆ ಮಾಡಿ ಹೇಳ್ತೇನೆ” ಅಂದೆ. ಬೇಕು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಮರುದಿನದಿಂದ ಫೋನ್ ಶುರುವಾಯಿತು. ಅತ್ತೆ, ದೊಡ್ಡಪ್ಪ, ಪಕ್ಕದ ಮನೆಯವರು. ಎಲ್ಲರದೂ ಒಂದೇ ಮಾತು. “ನೀನು ಹೆಣ್ಣುಮಗಳು, ನಿನ್ನದು ದೊಡ್ಡ ಮನಸ್ಸು. ನೀನೂ ಗಂಡಸರ ಹಾಗೆ ಲೆಕ್ಕ ಹಾಕ್ತೀಯಾ?”

ರಾತ್ರಿ ನಿದ್ದೆ ಬರಲಿಲ್ಲ. ಹೆಣ್ಣಿನ ಮನಸ್ಸು ದೊಡ್ಡದು ಅನ್ನೋದು ನಿಜವಾ? ಯಾರಾದರೂ ಅಳೆದು ನೋಡಿದ್ದಾರಾ? ನಿಜವೇ ಆಗಿದ್ದರೂ, ನಾನು ಸಹಿ ಹಾಕಲು ಅದು ಕಾರಣ ಆಗುತ್ತದಾ?

ಗೋಕರ್ಣದವ:

ನಿಜ ಅಂತಲೇ ನನ್ನ ನಂಬಿಕೆ ಅಕ್ಕ. ಹೆಂಗರುಳು ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಮನೆಯಲ್ಲಿ ಇಸೋಣ ಮೀನು ತಂದರೆ ಆಯಿ ನಡುವಿನ ತುಂಡೆಲ್ಲ ನಮಗೆ ಬಡಿಸಿ, ಬಾಲದ ತುಂಡು ತನಗೆ ಇಟ್ಟುಕೊಳ್ಳುತ್ತಿದ್ದಳು. ಅಪ್ಪ ಹಾಗೆ ಮಾಡಿದ್ದು ನಾನು ನೋಡಿಲ್ಲ. ಇದು ಹೊಗಳಿಕೆ ಅಲ್ವಾ? ಇದರಲ್ಲಿ ಬೇಸರ ಯಾಕೆ?

ಕೋಡಿಬಾಗದ ಹುಡುಗಿ:

ನನ್ನ ಅಮ್ಮ ಕಾರವಾರದಲ್ಲಿ 30 ವರ್ಷ ಮೀನು ಮಾರಿದಳು. ಆ ಬುಟ್ಟಿಯ ಹಣದಲ್ಲೇ ನಾನು ಓದಿದ್ದು. ಹಾಗಾಗಿ ನಾನೂ ಎರಡು ಮಾತು ಹೇಳ್ತೇನೆ.

ಅಮ್ಮನ ಹತ್ತಿರ ಬಂಗಡೆ ತೆಗೆದುಕೊಂಡವರು ಯಾರೂ ಹಾಗೇ ಎದ್ದು ಹೋಗುತ್ತಿರಲಿಲ್ಲ. “ಒಂದೆರಡು ಕೊಸರು ಹಾಕೇ” ಅಂತ ಕೈ ಚಾಚುತ್ತಿದ್ದರು. ಅಮ್ಮ ಹಾಕುತ್ತಿದ್ದಳು. ಹಾಕದಿದ್ದರೆ “ಇವಳ ಕೈ ಗಿಡ್ಡ” ಅನ್ನುತ್ತಿದ್ದರು. ಅದೇ ಗಿರಾಕಿಗಳು ಗಂಡಸರ ಅಂಗಡಿಗೆ ಹೋಗಿ ತಕ್ಕಡಿಯಲ್ಲಿ ತೂಗಿಸಿ, ಹೇಳಿದಷ್ಟು ಕೊಟ್ಟು ಬರುತ್ತಿದ್ದರು. ಅಲ್ಲಿ ಕೊಸರು ಕೇಳುವ ಬಾಯಿ ಇರಲಿಲ್ಲ. ಕೇಳುವವರಲ್ಲಿ ಹೆಂಗಸರೇ ಜಾಸ್ತಿ ಇದ್ದರು, ಅದನ್ನೂ ಹೇಳಬೇಕು.

ಆದರೆ ಅದೇ ಅಮ್ಮನ ಇನ್ನೊಂದು ಮುಖ ನಾನು ನೋಡಿದ್ದೇನೆ. ಬೆಳಿಗ್ಗೆ ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಮೀನಿನ ಹರಾಜು. ಒಂದು ಇಡೀ ಬುಟ್ಟಿ ಕೊಳ್ಳಲು ಒಬ್ಬಳ ಹತ್ತಿರ ಹಣ ಸಾಲದು. ಮೂರು ಜನ ಸೇರಿ ಕೊಳ್ಳುತ್ತಿದ್ದರು. ಆಮೇಲೆ ನೆಲದ ಮೇಲೆ ಮೂರು ಪಾಲು ಹಾಕುವುದು. ದೊಡ್ಡದು ಸಣ್ಣದು ಆಚೆ ಈಚೆ ಮಾಡಿ ಮಾಡಿ ಸಮ ಮಾಡುತ್ತಿದ್ದರು. ಕೊನೆಗೆ ಒಬ್ಬಳು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಇನ್ನೊಬ್ಬಳು ಒಂದು ಪಾಲಿನ ಮೇಲೆ ಬೆರಳಿಟ್ಟು “ಇದು ಯಾರದು?” ಅನ್ನಬೇಕು. ಬೆನ್ನು ತಿರುಗಿಸಿದವಳು ಹೆಸರು ಹೇಳಬೇಕು. ಹೇಳಿದ ಮೇಲೆ ಮುಗಿಯಿತು. ಅಲ್ಲಿ ಯಾರೂ ಯಾರಿಗೂ ದೊಡ್ಡ ಮನಸ್ಸು ಮಾಡು ಅನ್ನುತ್ತಿರಲಿಲ್ಲ. 30 ವರ್ಷದಲ್ಲಿ ಪಾಲಿನ ವಿಷಯಕ್ಕೆ ಅವರಲ್ಲಿ ಒಂದು ಜಗಳ ಆದದ್ದು ನನಗೆ ನೆನಪಿಲ್ಲ.

ಕೊಸರು ಹಾಕುವ ಕೈಯೂ ಅದೇ, ಪಾಲು ಹಾಕುವ ಕೈಯೂ ಅದೇ. ಜನರಿಗೆ ನೆನಪಿರುವುದು ಮಾತ್ರ ಕೊಸರು.

ಕಾರವಾರದ ಮೇಷ್ಟ್ರು:

ತಂಗಿ, ನೀವು “ಅಳೆದು ನೋಡಿದ್ದಾರಾ” ಅಂತ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಅಳೆದಿದ್ದಾರೆ. ನಾನು ಅರ್ಥಶಾಸ್ತ್ರ ಕಲಿಸಿದವನು. ಕೆಲವು ಸಂಗತಿ ಚೆನ್ನಾಗಿ ಗೊತ್ತು. ಸ್ವಲ್ಪ ಉದ್ದ ಆಗ್ತದೆ, ಕ್ಷಮಿಸಿ.

ಡಿಕ್ಟೇಟರ್ ಗೇಮ್ ಅಂತ ಒಂದು ಪ್ರಯೋಗ ಇದೆ. ಒಬ್ಬರ ಕೈಗೆ ಹಣ ಕೊಡುತ್ತಾರೆ. ಗುರುತಿಲ್ಲದ ಇನ್ನೊಬ್ಬರಿಗೆ ಅದರಲ್ಲಿ ಎಷ್ಟು ಬೇಕಾದರೂ ಕೊಡಬಹುದು. ಕೊಡದೇ ಇದ್ದರೂ ಕೇಳುವವರಿಲ್ಲ. ಇಂಥ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು 2011ರಲ್ಲಿ ಕ್ರಿಸ್ಟೋಫ್ ಎಂಗೆಲ್ ಒಟ್ಟುಗೂಡಿಸಿ ನೋಡಿದರು. ಜನ ಸರಾಸರಿ 100ಕ್ಕೆ 28ರಷ್ಟು ಕೊಡುತ್ತಾರೆ. ಹೆಂಗಸರು ಗಂಡಸರಿಗಿಂತ ಜಾಸ್ತಿ ಕೊಡುತ್ತಾರೆ ಅನ್ನುವುದೂ ಅದರಲ್ಲಿ ಕಂಡಿತು.

ಆದರೆ ಒಂದೊಂದೇ ಪ್ರಯೋಗ ತೆಗೆದು ನೋಡಿದರೆ ಚಿತ್ರ ಅಷ್ಟು ಸರಳ ಇಲ್ಲ. 1998ರಲ್ಲಿ ಕ್ಯಾಥರೀನ್ ಎಕೆಲ್ ಮತ್ತು ಫಿಲಿಪ್ ಗ್ರಾಸ್‌ಮನ್ ಅಮೆರಿಕದಲ್ಲಿ 10 ಡಾಲರ್ ಕೊಟ್ಟು ನೋಡಿದರು. ಯಾರು ಎಷ್ಟು ಕೊಟ್ಟರು ಅಂತ ಯಾರಿಗೂ ಗೊತ್ತಾಗದ ಹಾಗೆ. ಹೆಂಗಸರು ಸರಾಸರಿ 1.60 ಡಾಲರ್ ಕೊಟ್ಟರು, ಗಂಡಸರು 0.82. ಸುಮಾರು ಎರಡು ಪಟ್ಟು. ಅದಕ್ಕೆ ಮೂರು ವರ್ಷ ಮುಂಚೆ ಗ್ಯಾರಿ ಬೋಲ್ಟನ್, ಎಲೆನಾ ಕಟೋಕ್ ಇಂಥದ್ದೇ ಪ್ರಯೋಗ ಮಾಡಿದಾಗ ವ್ಯತ್ಯಾಸವೇ ಸಿಗಲಿಲ್ಲ. 2001ರಲ್ಲಿ ಜೇಮ್ಸ್ ಆಂಡ್ರಿಯೋನಿ ಮತ್ತು ಲೀಸ್ ವೆಸ್ಟರ್‌ಲಂಡ್ ಕೊಡುವುದರ ಬೆಲೆಯನ್ನು ಬದಲಿಸಿ ನೋಡಿದರು. ಅಂದರೆ ನಾನು 1 ಬಿಟ್ಟರೆ ಎದುರಿನವರಿಗೆ ಕೆಲವೊಮ್ಮೆ 2 ಅಥವಾ 3 ಸಿಗುತ್ತದೆ, ಕೆಲವೊಮ್ಮೆ ಬರೀ ಅರ್ಧ. ಕೊಡುವುದು ಅಗ್ಗ ಇದ್ದಾಗ ಗಂಡಸರೇ ಜಾಸ್ತಿ ಕೊಟ್ಟರು. ದುಬಾರಿ ಆದಾಗ ಹೆಂಗಸರು ಜಾಸ್ತಿ ಕೊಟ್ಟರು. ಗಂಡಸರಲ್ಲಿ ಎಲ್ಲ ಇಟ್ಟುಕೊಳ್ಳುವವರೂ ಜಾಸ್ತಿ, ಎಲ್ಲ ಕೊಟ್ಟುಬಿಡುವವರೂ ಜಾಸ್ತಿ. ಹೆಂಗಸರು ಇಬ್ಬರಿಗೂ ಸಮ ಬರಲಿ ಅನ್ನುವ ಕಡೆ ವಾಲಿದರು.

ಇದನ್ನು ಸ್ವಲ್ಪ ಗಮನಿಸಿ. ಅವರು ಮಾಡಿದ್ದು ತ್ಯಾಗ ಅಲ್ಲ. ಸಮಪಾಲು.

ಗೋಕರ್ಣದವ:

ಮೇಷ್ಟ್ರೇ, ಗಂಡಸರು ಎಲ್ಲ ಕೊಟ್ಟುಬಿಡ್ತಾರೆ ಅನ್ನೋದು ನಮ್ಮ ಊರಲ್ಲೂ ಸರಿ. ನನ್ನ ಚಿಕ್ಕಪ್ಪ ಮನೆಗೆ ಬಂದವರಿಗೆ ಜೇಬು ಖಾಲಿ ಮಾಡಿ ಕೊಡುತ್ತಿದ್ದ. ಚಿಕ್ಕಮ್ಮ ಅಕ್ಕಿ ಡಬ್ಬಿ ನೋಡಿಕೊಂಡು ಕೊಡುತ್ತಿದ್ದಳು. ಊರವರು ಚಿಕ್ಕಪ್ಪನನ್ನು ಕೊಡುಗೈ ದೊರೆ ಅಂದರು. ಚಿಕ್ಕಮ್ಮನನ್ನು ಜುಗ್ಗಿ ಅಂದರು. ನಾವು ಮಕ್ಕಳು ಹೊಟ್ಟೆ ತುಂಬ ಉಂಡದ್ದು ಚಿಕ್ಕಮ್ಮನ ಲೆಕ್ಕದಿಂದ. ಇಷ್ಟು ವರ್ಷದ ಮೇಲೆ ಇದನ್ನು ಬರೆಯುವಾಗಲೇ ನನಗೆ ಹೊಳೆದದ್ದು.

ಅಘನಾಶಿನಿ ತೀರ:

ಕೊಡುಗೈ ದೊರೆ, ಹೆಂಗರುಳು. ಎರಡೂ ನಮ್ಮದೇ ಮಾತು. ಗಂಡಸು ಕೊಟ್ಟರೆ ಅವನು ದೊರೆ. ಅವನು ಕೊಡಬೇಕಾಗಿರಲಿಲ್ಲ, ಆದರೂ ಕೊಟ್ಟ ಅಂತ ಅರ್ಥ. ಹೆಣ್ಣು ಕೊಟ್ಟರೆ ಅದು ಅವಳ ಕರುಳು. ಕರುಳು ಇದ್ದ ಮೇಲೆ ಕೊಡಲೇಬೇಕು. ಕೊಡದಿದ್ದರೆ ಕರುಳೇ ಇಲ್ಲ ಅಂತಾಗ್ತದೆ.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಕಾವ್ಯದ 1000 ಪ್ರತಿ ಮಾಡಿಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೆವು. ಅವಳನ್ನು ಯಾರೂ ಹೆಂಗರುಳು ಅನ್ನಲಿಲ್ಲ, ದಾನಿ ಅಂದರು. ಅವಳ ಕೈಯಲ್ಲಿ ಕೊಡಲು ಸ್ವಂತದ್ದು ಅಂತ ಇತ್ತು. ನನ್ನ ಪಾಲು ನನ್ನ ಕೈಗೆ ಬಂದೇ ಇಲ್ಲ. ಬರುವುದಕ್ಕೆ ಮುಂಚೆಯೇ ಕೊಟ್ಟುಬಿಡು ಅಂತ ಕೇಳುತ್ತಿದ್ದಾರೆ.

ಕಪ್ಪು ಕೋಟು:

ವಕೀಲಿ ಮಾಡುತ್ತೇನೆ. ಕಾನೂನು ಎಷ್ಟಿದೆಯೋ ಅಷ್ಟು ಹೇಳ್ತೇನೆ.

ತೋಟ ನಿಮ್ಮ ತಂದೆಯ ಸ್ವಂತ ಸಂಪಾದನೆ, ಉಯಿಲು ಇಲ್ಲ ಅಂದಿರಿ. ಅದರಲ್ಲಿ ನಿಮ್ಮ ತಾಯಿ, ಅಣ್ಣ, ನೀವು, ತಂಗಿ, ನಾಲ್ವರಿಗೂ ಸಮಪಾಲು. ಇದು ಹೊಸ ಕಾನೂನಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಅಜ್ಜನ ಕಾಲದ ಪಿತ್ರಾರ್ಜಿತ ಗದ್ದೆಯದು ಬೇರೆ ಲೆಕ್ಕ. ಅದರಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ತಂದೆ ಆಗ ಬದುಕಿರಬೇಕಿತ್ತೋ ಬೇಡವೋ ಅನ್ನುವ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು. ಬದುಕಿರಬೇಕಾಗಿಲ್ಲ.

ಬಿಡುಗಡೆ ಪತ್ರ ನೋಂದಣಿ ಆದ ಮೇಲೆ ಸುಲಭಕ್ಕೆ ಹಿಂದೆ ಬರಲು ಆಗುವುದಿಲ್ಲ. ಮೋಸ ಅಥವಾ ಬಲವಂತ ಅಂತ ಕೋರ್ಟಿನಲ್ಲಿ ತೋರಿಸಬೇಕು. “ದೊಡ್ಡ ಮನಸ್ಸು ಮಾಡು” ಅಂದದ್ದು ಬಲವಂತ ಅಂತ ಯಾವ ಕೋರ್ಟೂ ಸುಲಭಕ್ಕೆ ಒಪ್ಪುವುದಿಲ್ಲ. ಸಹಿ ಹಾಕುವ ಮುಂಚೆ ಪಹಣಿ ತೆಗೆಸಿ, ಪತ್ರವನ್ನು ಮನೆಗೆ ತಂದು ಓದಿ.

ತೋಟದ ದಾರಿ, ಶಿರಸಿ:

ನಾನು ಅಣ್ಣನ ಸ್ಥಾನದಲ್ಲಿ ನಿಂತವನು. ಇದನ್ನು ಎಲ್ಲೂ ಹೇಳಿಕೊಂಡಿಲ್ಲ.

2011ರಲ್ಲಿ ನನ್ನ ತಂಗಿ ಸಹಿ ಹಾಕಿದಳು. ಒಂದು ಮಾತು ಕೇಳಲಿಲ್ಲ. ಸಹಿ ಆದ ಮೇಲೆ ಹೋಟೆಲಿನಲ್ಲಿ ಚಾ ಕುಡಿದು ಬಸ್ ಹತ್ತಿದಳು. ನನ್ನ ತಂಗಿಯದು ದೊಡ್ಡ ಮನಸ್ಸು ಅಂತ ನಾನೂ ನಾಲ್ಕು ಜನರ ಹತ್ತಿರ ಹೇಳಿಕೊಂಡೆ. ದೊಡ್ಡಹಬ್ಬಕ್ಕೆ ಬರುತ್ತಾಳೆ. ಹೋಗುವಾಗ ಬಾಳೆಗೊನೆ, ಕಾಯಿ ಕಟ್ಟಿ ಕೊಡುತ್ತೇನೆ. ಎಲ್ಲ ಸರಿ ಇದೆ ಅಂತಲೇ ತಿಳಿದಿದ್ದೆ.

ನಾಲ್ಕು ವರ್ಷದ ಹಿಂದೆ ಭಾವನಿಗೆ ಆಪರೇಷನ್ ಆಯಿತು. ತಂಗಿ ಬಂಗಾರ ಅಡವಿಟ್ಟು ಸಾಲ ತೆಗೆದಿದ್ದಳು. ನನಗೆ ಗೊತ್ತಾದದ್ದು ಬೇರೆಯವರ ಬಾಯಿಂದ. ಹಣ ತೆಗೆದುಕೊಂಡು ಓಡಿ ಹೋದೆ. ಅವಳು ತೆಗೆದುಕೊಂಡಳು, ಆದರೆ “ಸಾಲ ಅಂತ ಬರೆದಿಟ್ಟುಕೋ ಅಣ್ಣಾ, ತೀರಿಸ್ತೇನೆ” ಅಂದಳು. ಅವಳು ಬಿಟ್ಟುಕೊಟ್ಟ ತೋಟದ ಅಡಿಕೆ ಮಾರಿದ ಹಣ ಅದು. ನಾನು ಬರೆದಿಟ್ಟುಕೊಳ್ಳಲಿಲ್ಲ. ಅವಳು ಮಾತ್ರ ತಿಂಗಳು ತಿಂಗಳು ಕಳಿಸಿ ತೀರಿಸಿದಳು.

ಅವತ್ತು ಅವಳು ಮನಸ್ಸಿಟ್ಟು ಕೊಟ್ಟಳೋ, ಕೇಳಿದರೆ ತವರಿನ ಬಾಗಿಲು ಮುಚ್ಚೀತು ಅಂತ ಹೆದರಿ ಕೊಟ್ಟಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬಂದಿಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಮೆಟ್ಟುಗತ್ತಿ ಮುಂದೆ ಕೂತ ಮೇಲೆ ಗಂಡಾಳೂ ಒಂದೇ, ಹೆಣ್ಣಾಳೂ ಒಂದೇ. ಎಷ್ಟು ಡಬ್ಬವೋ ಅಷ್ಟು ದುಡ್ಡು. ಎಷ್ಟೋ ಹೆಂಗಸರು ಗಂಡಸರಿಗಿಂತ ಬೇಗ ಸುಲಿಯುತ್ತಾರೆ, ಅವರಿಗೇ ಜಾಸ್ತಿ ಸಿಗುತ್ತದೆ. ಅದೇ ದಿನಗೂಲಿ ಆದ ಕೂಡಲೇ ಹೆಣ್ಣಾಳಿಗೆ ಕಡಿಮೆ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿದೆ. ನಾನೂ ಕಡಿಮೆಯೇ ಕೊಡುತ್ತಿದ್ದೆ. ಯಾರೂ ಜಾಸ್ತಿ ಕೇಳುತ್ತಿರಲಿಲ್ಲ, ಅದಕ್ಕೆ ಅದು ನ್ಯಾಯ ಅಂತಲೇ ತಿಳಿದಿದ್ದೆ. ಹೋದ ವರ್ಷದಿಂದ ಸಮ ಮಾಡಿದ್ದೇನೆ.

ಅಂಕೋಲೆಯ ಶಾಲೆ ಟೀಚರ್:

ಶಿರಸಿಯ ಅಣ್ಣನ ಮಾತು ಓದಿ ಕಣ್ಣು ತುಂಬಿತು.

ನಮ್ಮ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ನೆನಪಾದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದಾಗ ಬರಿಗಾಲಿನಲ್ಲಿ ಹೋಗಿ ತೆಗೆದುಕೊಂಡದ್ದನ್ನು ದೇಶವೇ ನೋಡಿತು. ವೃಕ್ಷಮಾತೆ ಅಂತ ನಾವೆಲ್ಲ ಹೆಮ್ಮೆಯಿಂದ ಕರೆಯುತ್ತೇವೆ. ನಾನೂ ಕರೆಯುತ್ತೇನೆ. ಆದರೆ ಮಕ್ಕಳಿಗೆ ಪಾಠ ಮಾಡುವಾಗ ಒಂದು ಮಾತು ಸೇರಿಸುತ್ತೇನೆ. ಅವರು ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದವರು. ಬೀಜ ಯಾವಾಗ ತೆಗೆಯಬೇಕು, ಯಾವ ತಾಯಿಮರದಿಂದ ತೆಗೆಯಬೇಕು ಅನ್ನುವ ವಿದ್ಯೆ ಅವರದು. ತಾಯಿ ಅಂದ ಕೂಡಲೇ ಆ ವಿದ್ಯೆ ಮತ್ತು ಆ ಕೂಲಿ, ಎರಡೂ ಮರೆತುಹೋಗಬಾರದು.

ಕಾರವಾರದ ಮೇಷ್ಟ್ರು:

ಇನ್ನೆರಡು ಪ್ರಯೋಗ ಹೇಳಲೇಬೇಕು. ಮೊನ್ನೆ ಬಿಟ್ಟುಹೋದದ್ದು, ಅಸಲಿ ವಿಷಯ ಅಲ್ಲೇ ಇದೆ.

ಒಂದು, 2001ರಲ್ಲಿ ಸಾರಾ ಸೋಲ್ನಿಕ್ ಮಾಡಿದ್ದು. ಇದು ಅಲ್ಟಿಮೇಟಮ್ ಗೇಮ್. ಒಬ್ಬರು ಹಣ ಹಂಚುವ ಪ್ರಸ್ತಾಪ ಇಡುತ್ತಾರೆ. ಎದುರಿನವರು ಒಪ್ಪಿದರೆ ಹಾಗೇ ಹಂಚಿಕೆ, ಒಪ್ಪದಿದ್ದರೆ ಇಬ್ಬರಿಗೂ ಏನೂ ಇಲ್ಲ. ಎದುರಿಗೆ ಇರುವುದು ಗಂಡಸು ಅಂತ ಗೊತ್ತಾದಾಗ ಜನ ಜಾಸ್ತಿ ಕೊಡಲು ಮುಂದಾದರು. ಹೆಂಗಸು ಅಂತ ಗೊತ್ತಾದಾಗ ಕಡಿಮೆ. ಹಂಚುವವಳು ಹೆಂಗಸಾದರೆ, ಅವಳಿಂದ ಕನಿಷ್ಠ ಇಷ್ಟಾದರೂ ಬರಲಿ ಅನ್ನುವ ನಿರೀಕ್ಷೆ ಮೇಲಿತ್ತು. ಅವಳಿಗೆ ಕಡಿಮೆ ಕೊಡು, ಅವಳಿಂದ ಜಾಸ್ತಿ ಕೇಳು. ಕೋಡಿಬಾಗದ ತಂಗಿ ಹೇಳಿದ ಕೊಸರಿನ ಕಥೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಇನ್ನೊಂದು, 2017ರಲ್ಲಿ ಲಿಂಡಾ ಬ್ಯಾಬ್‌ಕಾಕ್ ಮತ್ತು ಜೊತೆಗಾರರು ಮಾಡಿದ್ದು. ಮೂರು ಜನರ ಗುಂಪು, ಎರಡು ನಿಮಿಷ ಸಮಯ. ಯಾರಾದರೂ ಒಬ್ಬರು ಗುಂಡಿ ಒತ್ತಬೇಕು. ಒತ್ತಿದವರಿಗೆ 1.25 ಡಾಲರ್, ಉಳಿದಿಬ್ಬರಿಗೆ 2 ಡಾಲರ್. ಯಾರೂ ಒತ್ತದಿದ್ದರೆ ಎಲ್ಲರಿಗೂ 1 ಡಾಲರ್ ಮಾತ್ರ. ಗಂಡಸರು ಹೆಂಗಸರು ಸೇರಿದ್ದ ಗುಂಪಿನಲ್ಲಿ ಹೆಂಗಸರು ಗಂಡಸರಿಗಿಂತ 48 ಶೇಕಡಾ ಜಾಸ್ತಿ ಸಲ ಒತ್ತಿದರು. ಹೆಂಗಸರೇ ಇದ್ದ ಗುಂಪು, ಗಂಡಸರೇ ಇದ್ದ ಗುಂಪು ಬೇರೆ ಮಾಡಿದಾಗ ವ್ಯತ್ಯಾಸ ಮಾಯ! ಗಂಡಸರೇ ಇದ್ದಲ್ಲಿ ಗಂಡಸರೂ ಅಷ್ಟೇ ಒತ್ತಿದರು. ಹುಟ್ಟುಗುಣವೇ ಆಗಿದ್ದರೆ ಹೀಗೆ ಆಗಬಾರದಿತ್ತು ಅಲ್ವಾ? ಆಮೇಲೆ “ನೀವು ಒತ್ತಿ” ಅಂತ ಗುಂಪಿನಲ್ಲಿ ಒಬ್ಬರನ್ನು ಬೇರೊಬ್ಬರಿಂದ ಕೇಳಿಸಿ ನೋಡಿದರು. ಹೆಂಗಸರನ್ನೇ ಜಾಸ್ತಿ ಕೇಳಿದರು. ಕೇಳಿದಾಗ ಹೆಂಗಸರಲ್ಲಿ 100ಕ್ಕೆ 76 ಸಲ ಹೂಂ ಅಂದರು, ಗಂಡಸರಲ್ಲಿ 51.

ಮೂವರಲ್ಲಿ ನಡುವಿನವಳು:

ನಾನು ಇದುವರೆಗೆ ಸುಮ್ನೆ ಓದುತ್ತಿದ್ದೆ. ಮೇಷ್ಟ್ರು ಹೇಳಿದ ಪ್ರಯೋಗ ನಮ್ಮ ಮನೆಯಲ್ಲೇ ನಡೆದಿದೆ.

ನಾವು ಮೂರೂ ಹೆಣ್ಣುಮಕ್ಕಳು, ಸಿದ್ದಾಪುರದ ಕಡೆ. ಅಪ್ಪ ಹೋದ ಮೇಲೆ ಪಾಲು ಮಾಡಿಕೊಂಡೆವು. ಸರ್ವೆಯವರನ್ನು ಕರೆಸಿ ಗುಂಟೆ ಲೆಕ್ಕದಲ್ಲಿ ಅಳೆಸಿದೆವು. ಒಂದು ಹಲಸಿನ ಮರ ಗಡಿಯ ಮೇಲೆ ಬಂತು ಅಂತ ಎರಡು ತಿಂಗಳು ಮಾತು ಬಿಟ್ಟಿದ್ದೆವು. ಕೊನೆಗೆ ಮರದ ಹಣ್ಣು ಮೂವರಿಗೂ ಅಂತ ಆಯಿತು. ಯಾರೂ ನಮಗೆ ದೊಡ್ಡ ಮನಸ್ಸು ಮಾಡಿ ಅನ್ನಲಿಲ್ಲ. ಯಾರಿಗೆ ಅಂತ ಹೇಳ್ತಾರೆ? ತೆಗೆದುಕೊಳ್ಳಲು ಗಂಡುಮಗ ಇರಲಿಲ್ಲ.

ಈಗ ನಾವು ಮೂವರೂ ಬಹಳ ಚೆನ್ನಾಗಿದ್ದೇವೆ. ಅಕ್ಕನಿಗೆ ಕಷ್ಟ ಬಂದಾಗ ನಾನು ನನ್ನ ಪಾಲಿನ ಒಂದು ವರ್ಷದ ಅಡಿಕೆ ಹಣ ಕೊಟ್ಟೆ. ಅದು ನನ್ನದಾಗಿತ್ತು, ಅದಕ್ಕೇ ಕೊಡಲು ಆಯಿತು.

ಗೋಕರ್ಣದವ:

ಒಂದು ಮಾತು ಬಾಕಿ ಇದೆ, ಯಾರೂ ತಪ್ಪು ತಿಳಿಯಬೇಡಿ. ಊರಲ್ಲಿ ಉಳಿದ ಮಗನ ದುಡಿಮೆಗೆ ಬೆಲೆ ಇಲ್ವಾ? ತೆಂಗಿಗೆ ನೀರು ಬಿಟ್ಟವನು, ಮಾಡು ಸೋರಿದರೆ ಹಂಚು ಹೊದಿಸಿದವನು, ಆಯಿಯನ್ನು ಆಸ್ಪತ್ರೆಗೆ ಕರೆದೊಯ್ದವನು ಅವನು. ಎಲ್ಲರಿಗೂ ಕತ್ತರಿಸಿದ ಹಾಗೆ ಸಮಪಾಲು ಮಾಡುವುದು ನ್ಯಾಯವಾ? ಅಂಥವನಿಗೆ ಸ್ವಲ್ಪ ಜಾಸ್ತಿ ಹೋದರೆ ತಪ್ಪೇನು?

ಅಘನಾಶಿನಿ ತೀರ:

ತಪ್ಪಿಲ್ಲ ತಮ್ಮ. ಇಷ್ಟು ದಿನದಲ್ಲಿ ನನ್ನ ಹತ್ತಿರ ಯಾರಾದರೂ ಹೀಗೆ ಮಾತಾಡಿದ್ದರೆ ನಾನು ಈ ಬರಹವನ್ನೇ ಬರೆಯುತ್ತಿರಲಿಲ್ಲ. ಅಣ್ಣನ ದುಡಿಮೆಗೆ ಬೆಲೆ ಇದೆ. ಹಾಗಿದ್ದರೆ ಅದನ್ನು ಲೆಕ್ಕ ಹಾಕೋಣ. ಅವನು ಎಷ್ಟು ವರ್ಷ ನೋಡಿಕೊಂಡ, ಎಷ್ಟು ಖರ್ಚು ಮಾಡಿದ, ಆಯಿಯನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ. ಅಪ್ಪನ ಕೊನೆಯ ಆರು ತಿಂಗಳು ತಂಗಿ ಸಂಬಳ ಬಿಟ್ಟು ಬಂದು ಇದ್ದಳು, ಅದನ್ನೂ ಹಾಕೋಣ. ಆ ಲೆಕ್ಕದಲ್ಲಿ ಅಣ್ಣನಿಗೆ ಜಾಸ್ತಿ ಬಂದರೆ ನಾನು ಸಂತೋಷದಿಂದ ಒಪ್ಪುತ್ತೇನೆ. ಅದು ನ್ಯಾಯ. ನಾನು ಹೆಣ್ಣು ಅನ್ನುವ ಕಾರಣಕ್ಕೆ ಬಿಡಬೇಕು ಅನ್ನೋದು ಬೇರೆ. ಅದರಲ್ಲಿ ಅಣ್ಣನ ದುಡಿಮೆಗೂ ಜಾಗ ಇಲ್ಲ, ನನ್ನದಕ್ಕೂ ಇಲ್ಲ.

ಕಾರವಾರದ ಮೇಷ್ಟ್ರು:

ಸರಿಯಾಗಿ ಹೇಳಿದಿರಿ. ಒಂದು ಸಣ್ಣ ಸಂಗತಿ ಮಾತ್ರ. 2009ರಲ್ಲಿ ಸ್ಪೇನಿನ ಸಂಶೋಧಕರು ಹೆಂಗಸರು ಜಾಸ್ತಿ ಕೊಡುತ್ತಾರೆ ಅನ್ನುವ ನಂಬಿಕೆಯನ್ನೇ ಅಳೆದರು. ಗಂಡಸರು ಕೊಟ್ಟ ಹಣದ ಪೆಟ್ಟಿಗೆ ಬೇಕಾ, ಹೆಂಗಸರು ಕೊಟ್ಟದ್ದು ಬೇಕಾ ಅಂತ ಆರಿಸಲು ಹೇಳಿದರು. ಹೆಂಗಸರು ಹೆಂಗಸರೇ ಜಾಸ್ತಿ ಕೊಡುತ್ತಾರೆ ಅಂತ ನಂಬಿದ್ದರು. ಗಂಡಸರು ಇಬ್ಬರೂ ಒಂದೇ ಅಂದುಕೊಂಡಿದ್ದರು.

ಅಘನಾಶಿನಿ ತೀರ:

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನಗೆ ಮೊದಲು ಫೋನ್ ಮಾಡಿದ್ದು ಅತ್ತೆ. ನಾನೂ ತಂಗಿಗೆ ಎಷ್ಟು ಸಲ “ನೀನಾದರೂ ಸೋತುಬಿಡು” ಅಂದಿದ್ದೇನೆ. ಅಣ್ಣನಿಗೆ ಒಂದು ದಿನವೂ ಅಂದದ್ದಿಲ್ಲ.

ಅಘನಾಶಿನಿ ತೀರ (ಹನ್ನೆರಡು ದಿನದ ನಂತರ):

ಏನಾಯಿತು ಅಂತ ಹಲವರು ಕೇಳಿದ್ದೀರಿ.

ನಾನು, ತಂಗಿ ಕೂತು ಒಂದು ಕಾಗದದ ಮೇಲೆ ತೋಟ ಬರೆದೆವು. ನಾಲ್ಕು ಪಾಲು. ಆಯಿಯದೂ ಸೇರಿ. ಮರ ಎಣಿಸಿ, ಫಲ ಬಿಡುವ ಮರ ಎಲ್ಲ ಪಾಲಿಗೂ ಸಮ ಬರುವ ಹಾಗೆ. ಗದ್ದೆ ಮತ್ತು ಮನೆ ಅಣ್ಣನಿಗೇ ಇರಲಿ ಅಂತ ಕೆಳಗೆ ಬರೆದೆವು. ಯಾಕೆ ಅಂತಲೂ ಬರೆದೆವು. ಅಪ್ಪನನ್ನು ನೋಡಿಕೊಂಡದ್ದಕ್ಕೆ, ಆಯಿಯನ್ನು ನೋಡಿಕೊಳ್ಳುವುದಕ್ಕೆ. ಯಾವ ಪಾಲು ಯಾರದು ಅನ್ನೋದನ್ನು ಕೋಡಿಬಾಗದ ತಂಗಿ ಹೇಳಿದ ಹಾಗೇ ಮಾಡೋಣ ಅಂತ. ಅಣ್ಣನ ಮಗಳು ಬೆನ್ನು ತಿರುಗಿಸಿ ನಿಂತು ಹೆಸರು ಹೇಳಲಿ.

ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಎರಡು ದಿನ ಹಾಗೇ ಕಳೆಯಿತು. ಆಯಿಗೆ ಫೋನ್ ಮಾಡಿದರೆ “ಅವನು ತೋಟದಲ್ಲೇ ಇರ್ತಾನೆ, ಮಾತಾಡ್ತಾ ಇಲ್ಲ” ಅಂದಳು.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಅವನದೇ ಫೋನ್. ನಮಸ್ಕಾರ ಇಲ್ಲ, ಏನಿಲ್ಲ. “ಬಾವಿ ಎರಡನೇ ಪಾಲಿನಲ್ಲಿ ಬಂದಿದೆಯಲ್ಲೇ. ಉಳಿದ ಮೂರಕ್ಕೆ ನೀರು ಎಲ್ಲಿಂದ ಬಿಡ್ತೀರಿ?” ಅಂದ.

ನಮಗೆ ಅದು ಹೊಳೆದೇ ಇರಲಿಲ್ಲ. ಭಾನುವಾರ ಹಗ್ಗ ಹಿಡಿದುಕೊಂಡು ಹೋಗುತ್ತಿದ್ದೇವೆ, ಬಾವಿಯಿಂದ ಅಳೆಯಲು.